ಕಾಂಗ್ರೆಸ್ ಕಸ ಮತ್ತು ಮೈಯ ತುರಿಕೆ

ಮೈಮೇಲೆ ಕೆಂಪಗೆ ಗುಳ್ಳೆ ಎದ್ದು, ತುರಿಕೆ ಹತ್ತಿ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬತೊಡಗಿತೆಂದರೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ಏತರಿಂದ ಬಂತು? ನಮಗೂ ಅಂಟಿಕೊಂಡೀತೆ? ಮೊದಲನೆಯ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಉತ್ತರಗಳಿಗೆ ಬರವಿಲ್ಲ. ರಕ್ತ ಕೆಟ್ಟಿದೆ ಎಂದು ಅಜ್ಜಿ ಹೇಳುತ್ತಾಳೆ. ಬದನೆಕಾಯಿ ತಿಂದದ್ದೇ ತಪ್ಪಾಯಿತೆಂದು ಅತ್ತೆ ಹೇಳುತ್ತಾಳೆ. ನಾಗರ ದೋಷವಿರಬಹುದೆಂದು ನೆರೆಯವರು ಹೇಳುತ್ತಾರೆ. ಎರಡನೆಯ ಪ್ರಶ್ನೆಗೆ ಯಾರೂ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ. ಆದರೆ ಮರುದಿನದಿಂದ ಆ ಮನುಷ್ಯನ ತಾಟು ಬೇರೆಯಾಗುತ್ತದೆ, ಹಾಸಿಗೆ ಹೊರಗಿನ ಕಟ್ಟೆಗೆ ಬರುತ್ತದೆ, ಅವನ ತೊಡೆಯ ಮೇಲಿದ್ದ ಮಗುವನ್ನು ಯಾರೋ ಮೆಲ್ಲನೆ ಎತ್ತಿಕೊಂಡು ಹೋಗುತ್ತಾರೆ.

ತುರಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿಚಾರಿಸೋಣ. ನಮ್ಮ ಸೀಮೆಯಲ್ಲಿ ಬಹಳ ಜನರನ್ನು ಕಾಡುವ, ಬಹಳ ಜನ ತಪ್ಪಾಗಿ ತಿಳಿದುಕೊಂಡಿರುವ ಕಾರಣವದು. ಅದು ಒಂದು ಗಿಡ. ಹುನಗುಂದ, ಇಳಕಲ್ಲು, ಬಾದಾಮಿ, ಬಾಗಲಕೋಟೆಗಳ ಓದುಗರಿಗೆ ಅದರ ಪರಿಚಯ ಮಾಡಿಕೊಡಬೇಕಾದದ್ದೇ ಇಲ್ಲ. ಮನೆಯ ಹಿತ್ತಲಿನ ಬಾಗಿಲು ತೆರೆದು ನೋಡಿರಿ. ಖಾಲಿ ಬಿದ್ದ ನಿವೇಶನದಲ್ಲಿ, ರಸ್ತೆಯ ಎರಡು ಮಗ್ಗುಲಲ್ಲಿ, ತಿಪ್ಪೆಯ ಅಂಚಿನಲ್ಲಿ, ಹೊಲದ ಬದುವಿನ ಮೇಲೆ ಅದು ನಿಂತೇ ಇರುತ್ತದೆ. ಗಜ್ಜರಿಯ ಸೊಪ್ಪಿನಂತೆ ಸೀಳುಸೀಳಾದ ಎಲೆ, ಎದೆಮಟ್ಟ ಬೆಳೆಯುವ ಕವಲೊಡೆದ ಕಾಂಡ, ತುದಿಯಲ್ಲಿ ಅಕ್ಕಿಯ ಕಾಳು ಚೆಲ್ಲಿದಂತೆ ಬಿಳಿಯ ಸಣ್ಣ ಹೂ. ಶಾಸ್ತ್ರದಲ್ಲಿ ಅದರ ಹೆಸರು ಪಾರ್ಥೇನಿಯಂ ಹಿಸ್ಟರೊಫೋರಸ್. ಹೂವಿನ ಬಿಳುಪು ಗಾಂಧೀ ಟೋಪಿಯ ಬಿಳುಪಿನಂತೆ ಕಂಡದ್ದರಿಂದ ಜನ ಅದನ್ನು ಕಾಂಗ್ರೆಸ್ ಕಸ, ಕಾಂಗ್ರೆಸ್ ಗಿಡ ಎಂದು ಕರೆದರೆಂದು ಹೇಳುತ್ತಾರೆ. ಹಿಂದಿಯವರು ಎಲೆಯನ್ನು ನೋಡಿ ಗಾಜರ್ ಘಾಸ್ ಎಂದರು.

ಇದು ನಮ್ಮ ನಾಡಿನ ಗಿಡವಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶ, ಮೆಕ್ಸಿಕೋ ಕೊಲ್ಲಿಯ ಸುತ್ತಣ ನೆಲ ಇದರ ತವರು. ನಮ್ಮ ದೇಶದಲ್ಲಿ ಕಳೆಯಾಗಿ ಇದು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಪಿ.ಎಲ್. 480 ಎಂಬ ಕಾಯಿದೆಯಂತೆ ಅಮೆರಿಕದಿಂದ ತರಿಸಿದ ಗೋದಿಯ ಜೊತೆಗೆ ಇದರ ಬೀಜ ಬಂತೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಆ ಕಾಯಿದೆಯಂತೆ ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟಿನಲ್ಲಿ. ಗಿಡ ಅದಕ್ಕೆ ಮುಂಚೆಯೇ ಪುಣೆಯಲ್ಲಿ ಕಂಡಿತ್ತು. ಆದ್ದರಿಂದ ದೂರನ್ನೆಲ್ಲ ಆ ಗೋದಿಯ ಚೀಲದ ಮೇಲೆ ಹೊರಿಸುವುದು ಸರಿಯಾಗದು. ಹೇಗೇ ಬಂದಿರಲಿ, ಬಂದದ್ದು ಹಿಂದಿರುಗಲಿಲ್ಲ. ಒಂದು ಗಿಡ 25,000ದವರೆಗೂ ಬೀಜ ಉದುರಿಸಬಲ್ಲದು. ಬೀಜ ಧೂಳಿನಷ್ಟು ಹಗುರು. ಗಾಳಿಯಲ್ಲಿ, ಹಳ್ಳದ ನೀರಿನಲ್ಲಿ, ಲಾರಿಯ ಗಾಲಿಗೆ ಮೆತ್ತಿದ ಕೆಸರಿನಲ್ಲಿ, ಕೊಂಡು ತಂದ ಗೊಬ್ಬರದಲ್ಲಿ ಅದು ಊರಿಂದೂರಿಗೆ ಹೋಯಿತು. 1975ರಲ್ಲಿ ಕರ್ನಾಟಕ ಸರಕಾರ ಇದನ್ನು ಕಾಯಿದೆಯ ಮೂಲಕ ಉಪದ್ರವಕಾರಿ ಕಳೆಯೆಂದು ಘೋಷಿಸಿತು. ಘೋಷಣೆಯನ್ನು ಗಿಡ ಓದಲಿಲ್ಲ.

ಹುನಗುಂದ ಸೀಮೆಯ ಮರೋಳವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿರಿ. ಸುತ್ತಲೂ ಎರೆಯ ಭೂಮಿ. ಬಿಳಿಜೋಳ, ಕಡಲೆ, ಕುಸುಬೆ, ಸೂರ್ಯಕಾಂತಿಗಳ ನಾಡು. ಒಂದು ಹದ ಮಳೆ ಬಿದ್ದರೆ ಬಿರಿದ ನೆಲ ಕೂಡಿಕೊಳ್ಳುತ್ತದೆ, ಹದಿನೈದು ದಿನಗಳೊಳಗೆ ಬದುಗಳೆಲ್ಲ ಹಸಿರಾಗುತ್ತವೆ. ಈ ಕಳೆಗೆ ಇಂಥ ಬಿರಿಯುವ ಜಿಗುಟು ಮಣ್ಣು ಬಹಳ ಒಗ್ಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿಯೂ ಇದು ಬೇರೂರಿದ್ದು ಇಂಥದೇ ಕಪ್ಪು ನೆಲದ ಹುಲ್ಲುಗಾವಲುಗಳಲ್ಲಿ. ಮರೋಳದ ಹೆಸರನ್ನು ಹೊತ್ತ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಈ ಭಾಗದ ಸುಮಾರು 24,000 ಹೆಕ್ಟೇರ್ ಒಣ ಹೊಲಗಳಿಗೆ ಕೊಳವೆಯ ಮೂಲಕ ಮುಟ್ಟಿಸಬೇಕೆಂದು ಕೈಕೊಂಡ ದೊಡ್ಡ ಕೆಲಸ. ನೀರು ಬರುವುದು ಒಳ್ಳೆಯದೇ. ಆದರೆ ನೀರು ಮುಟ್ಟಿದಲ್ಲಿ ಪೈರು ಹೇಗೋ ಕಳೆಯೂ ಹಾಗೆಯೇ. ಮಳೆಗಾಲಕ್ಕೆ ಮಾತ್ರ ಏಳುತ್ತಿದ್ದ ಗಿಡ ತೇವ ಸಿಕ್ಕರೆ ಬೇಸಗೆಯಲ್ಲಿಯೂ ತಲೆಯೆತ್ತುತ್ತದೆ. ಇದನ್ನು ರೈತನು ಮರೆಯಬಾರದು. ಅವನ ಮೈಯನ್ನು ಪರೀಕ್ಷಿಸುವ ವೈದ್ಯನೂ ಮರೆಯಬಾರದು.

ಇನ್ನು ಈ ಗಿಡ ಮೈಗೆ ಮಾಡುವುದೇನು ಎಂಬುದನ್ನು ನೋಡೋಣ. ಎಲೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಅದರ ತುಂಬ ನವಿರಾದ ಕೂದಲು ಕಾಣುತ್ತವೆ. ಕಾಂಡದ ಮೇಲೆಯೂ ಹೂವಿನ ಮೇಲೆಯೂ ಅವು ಇವೆ. ಆ ಕೂದಲುಗಳಲ್ಲಿ ಪಾರ್ಥೇನಿನ್ ಎಂಬ ಕಹಿ ದ್ರವ್ಯವಿದೆ. ಇದು ಸುಣ್ಣದಂತೆ, ಆಮ್ಲದಂತೆ ಮುಟ್ಟಿದವರನ್ನೆಲ್ಲ ಸುಡುವ ದ್ರವ್ಯವಲ್ಲ. ಹತ್ತು ಜನ ಒಂದೇ ಸಾಲಿನಲ್ಲಿ ಕಳೆ ಕೀಳಲಿ. ಒಂಬತ್ತು ಜನರಿಗೆ ಏನೂ ಆಗದೆ ಒಬ್ಬನಿಗೆ ಮಾತ್ರ ಮೈಯೆಲ್ಲ ಗುಳ್ಳೆಯೇಳಬಹುದು. ಹಾಗಾದರೆ ತಪ್ಪು ಗಿಡದ್ದೋ, ಅವನ ರಕ್ತದ್ದೋ?

ಇದನ್ನು ಹೀಗೆ ತಿಳಿದುಕೊಳ್ಳಬಹುದು. ನಮ್ಮ ದೇಹಕ್ಕೆ ಕಾವಲುಗಾರರಿದ್ದಾರೆ. ರಕ್ತದಲ್ಲಿರುವ ಒಂದು ಬಗೆಯ ಬಿಳಿಯ ಕಣಗಳೇ ಆ ಕಾವಲುಗಾರರು. ಹೊರಗಿನ ವಸ್ತು ಚರ್ಮದೊಳಕ್ಕೆ ಇಳಿದಾಗ ಅವರು ಅದರ ಮುಖ ನೋಡಿ, ಸಾಧುವೋ ಕಳ್ಳನೋ ಎಂದು ನಿರ್ಧರಿಸುತ್ತಾರೆ. ಪಾರ್ಥೇನಿನ್ ಎಷ್ಟೋ ತಿಂಗಳು, ಎಷ್ಟೋ ವರ್ಷ ಸುಮ್ಮನೆ ಹಾದುಹೋಗುತ್ತದೆ. ಒಂದು ದಿನ ಕಾವಲುಗಾರರು ಅದನ್ನು ಕಳ್ಳನೆಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಮರೆವೆಂಬುದೇ ಇಲ್ಲ. ಅದು ಎಳ್ಳುಕಾಳಿನಷ್ಟು ಬಂದರೂ ಊರೆಲ್ಲ ಎದ್ದು ಗದ್ದಲ ಮಾಡುತ್ತದೆ. ಆ ಗದ್ದಲವೇ ಕೆಂಪು, ಊತ, ನೀರುಗುಳ್ಳೆ, ತುರಿಕೆ. ವೈದ್ಯರು ಇದನ್ನು ಒಗ್ಗದಿಕೆ ಎನ್ನುತ್ತಾರೆ. ಅಲರ್ಜಿ ಎಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇದೆ. ರಕ್ತ ಕೆಟ್ಟಿಲ್ಲ. ಕಾವಲು ಅತಿಯಾಗಿದೆ, ಅಷ್ಟೆ.

ಈ ಗದ್ದಲ ಕೂಡಲೇ ಏಳುವುದಿಲ್ಲವೆಂಬುದು ಇನ್ನೊಂದು ಮುಖ್ಯವಾದ ಸಂಗತಿ. ಇಂದು ಗಿಡ ಮುಟ್ಟಿದರೆ ತುರಿಕೆ ನಾಳೆಗೋ ನಾಡಿದ್ದಿಗೋ ಕಾಣಿಸುತ್ತದೆ. ಅಷ್ಟರಲ್ಲಿ ಮನುಷ್ಯ ಮದುವೆಯ ಊಟ ಉಂಡಿರುತ್ತಾನೆ, ಹೊಸ ಅಂಗಿ ತೊಟ್ಟಿರುತ್ತಾನೆ. ತಪ್ಪು ಬದನೆಕಾಯಿಯ ಮೇಲೆ ಹೋಗುತ್ತದೆ. ಇಪ್ಪತ್ತು ವರ್ಷ ಈ ಕಸ ಕಿತ್ತವನು, ಆಗ ಬಾರದ್ದು ಈಗೇಕೆ ಬರುತ್ತದೆ ಎಂದು ಕೇಳುತ್ತಾನೆ. ಕೇಳುವುದು ಸಹಜ. ಕಾವಲುಗಾರರು ಗುರುತು ಹಾಕಿಕೊಳ್ಳುವುದಕ್ಕೆ ಅಷ್ಟು ಕಾಲ ಹಿಡಿಯಿತೆಂಬುದೇ ಅದಕ್ಕೆ ಉತ್ತರ. ಆದಕಾರಣವೇ ಈ ರೋಗ ಮಕ್ಕಳಲ್ಲಿ ಕಡಮೆ. ನಡುವಯಸ್ಸು ದಾಟಿದ, ಬಯಲಿನಲ್ಲಿ ದುಡಿಯುವ ಗಂಡಸರಲ್ಲಿ ಹೆಚ್ಚು.

ಇದಕ್ಕಿಂತಲೂ ಮೋಸದ ಸಂಗತಿಯೊಂದಿದೆ. ಈ ರೋಗ ಬರುವುದಕ್ಕೆ ಗಿಡವನ್ನು ಕೈಯಿಂದ ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡ ಪುಡಿಯಾಗಿ ಗಾಳಿಯಲ್ಲಿ ಏಳುತ್ತದೆ. ಆ ಪುಡಿ ಮುಖದ ಮೇಲೆ, ಕೊರಳ ಮೇಲೆ, ಮೊಳಕೈಯ ಮಡಿಕೆಯಲ್ಲಿ ಬೆವರಿಗೆ ಅಂಟಿ ಕೂಡುತ್ತದೆ. ಹೊಲದ ಮುಖವನ್ನೇ ನೋಡದ ಪೇಟೆಯ ಅಂಗಡಿಕಾರನಿಗೂ, ಖಾಲಿ ನಿವೇಶನದ ಪಕ್ಕದ ಮನೆಯ ನಿವೃತ್ತ ಮಾಸ್ತರರಿಗೂ ಇದು ಬರುವುದು ಹೀಗೆ. ಪುಣೆಯ ಚರ್ಮರೋಗ ವೈದ್ಯ ಲೋಣಕರರು 1968ರಷ್ಟು ಹಿಂದೆಯೇ ಈ ಗಿಡದಿಂದಾದ ಚರ್ಮದ ಉರಿಯೂತವನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಬ್ಬರಾಯರೂ ಅವರ ಸಂಗಡಿಗರೂ 1970ರ ದಶಕದಲ್ಲಿ ಇದನ್ನು ಕುರಿತು ಸಂಶೋಧನೆ ಮಾಡಿದರು. ಹೂವಿನ ಪರಾಗದಿಂದ ಸೀನು, ಮೂಗು ಸೋರುವುದು ಇಂಥ ತೊಂದರೆಗಳೂ ಕೆಲವರಿಗೆ ಆಗುತ್ತವೆಂಬುದು ಬೆಂಗಳೂರಿನ ಪರೀಕ್ಷೆಗಳಿಂದ ಗೊತ್ತಾಗಿದೆ.

ಗಾಳಿಯಿಂದ ಬಂದ ಈ ಉರಿಯನ್ನು ಬಿಸಿಲಿನ ಉರಿಯಿಂದ ಬೇರೆ ಮಾಡಿ ತಿಳಿಯುವುದು ಹೇಗೆ? ಬಿಸಿಲು ನೇರವಾಗಿ ಬೀಳುವಲ್ಲಿ ಮಾತ್ರ ಸುಡುತ್ತದೆ. ಕಣ್ಣಿನ ರೆಪ್ಪೆಯ ಮಡಿಕೆ, ಕಿವಿಯ ಹಿಂಭಾಗ, ಗದ್ದದ ಕೆಳಗಿನ ನೆರಳು, ಇವನ್ನು ಅದು ಬಿಟ್ಟುಬಿಡುತ್ತದೆ. ಧೂಳಿಗೆ ನೆರಳಿನ ಮುಲಾಜಿಲ್ಲ. ರೆಪ್ಪೆ, ಕಿವಿಯ ಹಿಂದು, ಗದ್ದದ ಅಡಿ, ಕೊರಳ ಸುತ್ತು, ಅಂಗಿಯ ಗುಂಡಿ ಬಿಚ್ಚಿದ ಎದೆಯ ಭಾಗ, ಮೊಳಕೈ ಮತ್ತು ಮೊಳಕಾಲಿನ ಹಿಂದಣ ಮಡಿಕೆ, ಇಲ್ಲೆಲ್ಲ ಕೆಂಪು ಕಂಡರೆ ಗಾಳಿಯಲ್ಲಿ ತೇಲಿ ಬಂದುದರ ಮೇಲೆ ಸಂಶಯಪಡಬೇಕು. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಚರ್ಮ ದಪ್ಪಗಾಗಿ, ಕಪ್ಪಾಗಿ, ಗೆರೆಗೆರೆಯಾಗಿ ಆನೆಯ ಚರ್ಮದಂತಾಗುತ್ತದೆ. ಕೆಲವರಿಗೆ ಆಮೇಲೆ ಬಿಸಿಲೂ ಒಗ್ಗದಂತಾಗುತ್ತದೆ.

ಈಗ ಮನೆಯವರ ಎರಡನೆಯ ಪ್ರಶ್ನೆಗೆ ಬರೋಣ. ಇದು ಅಂಟೀತೆ? ಅಂಟುವುದಿಲ್ಲ. ಒಂದೇ ತಾಟಿನಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಗುಳ್ಳೆ ಒಡೆದ ನೀರು ಮೈಗೆ ತಾಗಿದರೂ ಈ ರೋಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗದು. ಆ ನೀರಿನಲ್ಲಿ ಗಿಡದ ವಿಷವಿಲ್ಲ. ಅದು ನಮ್ಮ ದೇಹದ್ದೇ ನೀರು.

ಅಂಟದಿದ್ದರೆ ಹಬ್ಬುವುದೇಕೆ? ಮೂರು ಕಾರಣಗಳಿವೆ. ಮೊದಲನೆಯದು, ವಿಷ ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ತಾಗಿರುವುದಿಲ್ಲ. ಹೆಚ್ಚು ತಾಗಿದಲ್ಲಿ ಬೇಗ ಏಳುತ್ತದೆ, ಕಡಮೆ ತಾಗಿದಲ್ಲಿ ಎರಡು ದಿನ ತಡೆದು ಏಳುತ್ತದೆ. ನೋಡುವವರಿಗೆ ಹಬ್ಬಿದಂತೆ ಕಾಣುತ್ತದೆ. ಎರಡನೆಯದು, ಉಗುರಿನಲ್ಲಿ, ಅಂಗಿಯ ತೋಳಿನಲ್ಲಿ, ತಲೆಯ ರುಮಾಲಿನಲ್ಲಿ, ಕುಡಗೋಲಿನ ಹಿಡಿಕೆಯಲ್ಲಿ ಉಳಿದ ಪುಡಿ ದಿನವೂ ಮತ್ತೆ ಮತ್ತೆ ಮೈಗೆ ತಾಗುತ್ತದೆ. ಮೂರನೆಯದು, ಉರಿ ಜೋರಾದಾಗ ದೇಹದ ಕಾವಲುಗಾರರೇ ಉದ್ರೇಕಗೊಂಡು, ಪುಡಿ ತಾಗದ ಕಡೆಯಲ್ಲಿಯೂ ಸಣ್ಣ ಗುಳ್ಳೆ ಎಬ್ಬಿಸುವುದುಂಟು. ಮೂರರಲ್ಲಿ ಯಾವುದೂ ಮನುಷ್ಯನಿಂದ ಮನುಷ್ಯನಿಗೆ ಹೋಗುವ ದಾರಿಯಲ್ಲ. ಬೇರೆ ಮಾಡಬೇಕಾದದ್ದು ರೋಗಿಯ ತಾಟನ್ನಲ್ಲ, ಅವನ ಹೊಲದ ಅಂಗಿಯನ್ನು.

ಇದು ಎಷ್ಟು ದೊಡ್ಡ ವ್ಯತ್ಯಾಸವೆಂಬುದನ್ನು ಒಂದು ಸಂಸಾರವನ್ನು ಕಣ್ಣಮುಂದೆ ತಂದುಕೊಂಡು ನೋಡಿರಿ. ಮರೋಳದಲ್ಲಿ ನಾಲ್ಕು ಎಕರೆ ಎರೆಹೊಲವಿರುವ ಐವತ್ತರ ಗೃಹಸ್ಥನೊಬ್ಬನಿದ್ದಾನೆಂದು ಎಣಿಸಿಕೊಳ್ಳಿರಿ. ಮೊದಲ ವರ್ಷ ಮಳೆಗಾಲದಲ್ಲಿ ರೆಪ್ಪೆ ಊದುತ್ತದೆ, ಚಳಿಗಾಲಕ್ಕೆ ತಾನಾಗಿಯೇ ಇಳಿಯುತ್ತದೆ. ಅವನು ಮರೆಯುತ್ತಾನೆ. ಎರಡನೆಯ ವರ್ಷ ಕೊರಳು, ತೋಳು. ಪೇಟೆಯ ಔಷಧದ ಅಂಗಡಿಯಿಂದ ಒಂದು ಮುಲಾಮು ತರುತ್ತಾನೆ. ಹಚ್ಚಿದಾಗ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ. ಮೂರನೆಯ ವರ್ಷ ಅದು ಚಳಿಗಾಲದಲ್ಲಿಯೂ ಹೋಗುವುದಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಹೊಲಕ್ಕೆ ಹೋಗುವ ಧೈರ್ಯವಿಲ್ಲ. ಹೊಲ ಪಾಲಿಗೆ ಹೋಗುತ್ತದೆ. ಮಗಳನ್ನು ನೋಡಲು ಬಂದ ಬೀಗರು ಅವನ ಕೈ ನೋಡಿ ಏನೂ ಹೇಳದೆ ಎದ್ದು ಹೋಗುತ್ತಾರೆ. ಮೊದಲ ವರ್ಷವೇ ಯಾರಾದರೂ, ಕಾಕಾ, ಇದು ಕಸದಿಂದ ಬಂದದ್ದು, ಅದರಿಂದ ದೂರವಿರು ಎಂದು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಆದರೆ ತುರಿಕೆಯೆಲ್ಲ ಕಾಂಗ್ರೆಸ್ ಕಸದ್ದೆಂದು ತಿಳಿಯಬಾರದು. ಬೆರಳ ಸಂದುಗಳಲ್ಲಿ, ಹೊಕ್ಕಳ ಸುತ್ತ ಎದ್ದು, ರಾತ್ರಿ ಹೆಚ್ಚಾಗಿ, ಮನೆಯಲ್ಲಿ ಎರಡು-ಮೂರು ಜನರಿಗೆ ಒಮ್ಮೆಗೇ ಬಂದರೆ ಅದು ಕಜ್ಜಿಯಿರಬಹುದು. ಅದು ಅಂಟುತ್ತದೆ, ಮನೆಮಂದಿಗೆಲ್ಲ ಒಟ್ಟಿಗೇ ಔಷಧ ಬೇಕು. ಅಂಚು ಉಬ್ಬಿ ಬಳೆಯಂತೆ ದುಂಡಗೆ ಬೆಳೆಯುವುದು ಹುಳುಕಡ್ಡಿ, ಅದೂ ಅಂಟುತ್ತದೆ. ದೇಹದ ಒಂದೇ ಮಗ್ಗುಲಲ್ಲಿ ಪಟ್ಟಿಯಾಗಿ, ನೋವಿನಿಂದ ಕೂಡಿ ಏಳುವುದು ಸರ್ಪಸುತ್ತು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಎಣ್ಣೆಯೂ ಗುಳ್ಳೆಯೆಬ್ಬಿಸುತ್ತದೆ. ಒಡೆದ ಹಿಮ್ಮಡಿಗೆಂದೋ ನೋವಿಗೆಂದೋ ಅದನ್ನು ಹಚ್ಚಿಕೊಂಡವರ ಮೈಮೇಲೆ ಎಣ್ಣೆ ತಾಗಿದಲ್ಲಿ ಕಪ್ಪು ಕಲೆಯೂ ಸುತ್ತ ನೀರುಗುಳ್ಳೆಯೂ ಕಾಣುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಅಂಗಿಯ ಮೇಲಿನ ಅಗಸನ ಗುರುತು ತಾಗುವಲ್ಲಿಯೇ ತುರಿಕೆ ಹತ್ತಿ, ಸೈನ್ಯದ ವೈದ್ಯರು ಕಾರಣ ಹುಡುಕಿದಾಗ ಸಿಕ್ಕದ್ದು ಈ ಕೇರುಬೀಜವೇ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದಕಾರಣ ಮೊದಲು ರೋಗ ಯಾವುದೆಂದು ಗೊತ್ತಾಗಬೇಕು, ಆಮೇಲೆ ಮುಲಾಮು.

ಗೊತ್ತು ಮಾಡುವುದಕ್ಕೆ ಚರ್ಮರೋಗ ವೈದ್ಯರಲ್ಲಿ ಒಂದು ಪರೀಕ್ಷೆಯಿದೆ. ಪ್ಯಾಚ್ ಪರೀಕ್ಷೆ ಎಂದು ಅದರ ಹೆಸರು. ಗಿಡದಿಂದ ತೆಗೆದ ಸಾರವನ್ನು ಅಳತೆ ಮಾಡಿ, ಬೆನ್ನಿನ ಮೇಲೆ ಸಣ್ಣ ಪಟ್ಟಿಯೊಳಗೆ ಇಟ್ಟು ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು. 48 ತಾಸಿಗೆ ಪಟ್ಟಿ ತೆಗೆದು ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆ ಜಾಗ ಕೆಂಪಾಗಿ ಗುಳ್ಳೆಯೆದ್ದಿದ್ದರೆ ಕಳ್ಳ ಸಿಕ್ಕಂತೆ. ಇದನ್ನು ಮನೆಯಲ್ಲಿ ಎಲೆ ಉಜ್ಜಿಕೊಂಡು ಮಾಡಿ ನೋಡಬಾರದು. ಇದ್ದ ರೋಗ ಇಮ್ಮಡಿಯಾದೀತು. ಬಾಗಲಕೋಟೆಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಈ ಪರೀಕ್ಷೆಯ ವಿಷಯವನ್ನು ಅಲ್ಲಿ ವಿಚಾರಿಸಿರಿ.

ಇನ್ನು ಚಿಕಿತ್ಸೆ. ಮೊದಲನೆಯ ಔಷಧ ನೀರು. ಕಸದ ನಡುವೆ ಓಡಾಡಿ ಬಂದವರು ಹೊಸ್ತಿಲು ದಾಟುವ ಮುಂಚೆಯೇ ಅಂಗಿ, ರುಮಾಲು ತೆಗೆದು ಬೇರೆ ಬುಟ್ಟಿಗೆ ಹಾಕಲಿ. ಮುಖ, ಕೊರಳು, ಕೈಕಾಲುಗಳನ್ನು ಧಾರಾಳ ನೀರಿನಿಂದಲೂ ಮೃದುವಾದ ಸಾಬೂನಿನಿಂದಲೂ ತೊಳೆದುಕೊಳ್ಳಲಿ. ಉಗುರಿನ ಸಂದು ಮರೆಯಬಾರದು. ಕಲ್ಲಿನಿಂದಾಗಲಿ ನಾರಿನಿಂದಾಗಲಿ ತಿಕ್ಕಬಾರದು. ಆ ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಬೆರೆಸದೆ ಒಗೆಯಬೇಕು. ಒಗೆದುದನ್ನು ಕಸದ ಪಕ್ಕದ ಬೇಲಿಯ ಮೇಲೆ ಹರವಿದರೆ ಒಗೆದೂ ವ್ಯರ್ಥ. ಹಿತ್ತಲಲ್ಲಿ ಒಣಹಾಕಿದ ಕೌದಿಗೂ ಇದೇ ಮಾತು.

ಗುಳ್ಳೆಯೆದ್ದು ನೀರು ಸೋರುತ್ತಿದ್ದರೆ, ಕುದಿಸಿ ಆರಿಸಿದ ನೀರಿನಲ್ಲಿ ಹಳೆಯ ಧೋತರದ ಶುಭ್ರವಾದ ತುಂಡನ್ನು ಅದ್ದಿ, ಹಿಂಡಿ, ಅದರ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಇಡಿರಿ. ದಿನಕ್ಕೆ ಮೂರು-ನಾಲ್ಕು ಸಲ ಹೀಗೆ ಮಾಡಿದರೆ ಉರಿ ಇಳಿಯುತ್ತದೆ. ಚರ್ಮ ಒಣಗಿ ಬಿರಿಯುತ್ತಿದ್ದರೆ ಸುವಾಸನೆಯಿಲ್ಲದ ಸಾದಾ ವ್ಯಾಸಲೀನು ಹಚ್ಚಬಹುದು. ಉಗುರು ಗಿಡ್ಡಗಿರಲಿ. ಸುಣ್ಣ, ಸೀಮೆಎಣ್ಣೆ, ಗಂಧಕ, ಹೆಸರು ಗೊತ್ತಿಲ್ಲದ ಸೊಪ್ಪಿನ ರಸ, ಇವುಗಳ ಹತ್ತಿರವೂ ಹೋಗಬೇಡಿರಿ. ಬೆಂದ ಚರ್ಮಕ್ಕೆ ಅವು ಇನ್ನೊಂದು ಬೆಂಕಿ. ಅಂಗಡಿಯ ಕೆಲವು ಮುಲಾಮುಗಳಲ್ಲಿರುವ ನಿಯೋಮೈಸಿನ್ ಎಂಬ ಔಷಧವೇ ಕೆಲವರಿಗೆ ಹೊಸ ಅಲರ್ಜಿ ತರುವುದುಂಟು.

ಉರಿಯನ್ನು ನಿಜವಾಗಿ ಆರಿಸುವ ಔಷಧ ಸ್ಟೆರಾಯ್ಡ್ ಮುಲಾಮು. ಇದು ಒಳ್ಳೆಯ ಆಳು, ಆದರೆ ಯಜಮಾನನಿಲ್ಲದೆ ದುಡಿಸಬಾರದು. ಕೈಕಾಲಿಗೆ ಬಲವಾದದ್ದು ಬೇಕಾದರೆ ಮುಖಕ್ಕೂ ರೆಪ್ಪೆಗೂ ಮೃದುವಾದದ್ದು, ಅದೂ ಎಣಿಸಿದ ದಿನಗಳಿಗೆ ಮಾತ್ರ. ಈ ಅಳತೆ ವೈದ್ಯರಿಗೆ ಗೊತ್ತು. ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದವರ ಚರ್ಮ ಕಾಗದದಂತೆ ತೆಳುವಾಗಿ, ಕೆಂಪು ನರಗಳು ಎದ್ದು ಕಾಣುತ್ತವೆ. ಹುಳುಕಡ್ಡಿಗೂ ತುರಿಕೆಗೂ ಕೀವಿಗೂ ಒಂದೇ ಎಂದು ಮಾರುವ ಮಿಶ್ರ ಮುಲಾಮುಗಳು ರೋಗದ ಗುರುತನ್ನೇ ಅಳಿಸಿಬಿಡುತ್ತವೆ. ಒಂದೇ ಸೂಜಿಯಿಂದ ವಾಸಿ ಮಾಡುತ್ತೇನೆನ್ನುವವರ ಮಾತಿಗೆ ಮರುಳಾಗಬೇಡಿರಿ. ಆ ಸೂಜಿಯಲ್ಲಿಯೂ ಹೆಚ್ಚಾಗಿ ಇರುವುದು ಸ್ಟೆರಾಯ್ಡೇ. ಪದೇ ಪದೇ ಚುಚ್ಚಿಸಿಕೊಂಡರೆ ಸಕ್ಕರೆ ರೋಗ, ರಕ್ತದ ಒತ್ತಡ, ಎಲುಬಿನ ಸವೆತ ಬೆನ್ನುಹತ್ತುತ್ತವೆ. ಇನ್ನು ಅಲರ್ಜಿಯ ಗುಳಿಗೆಯೆಂದು ನಾವು ನುಂಗುವುದು ತುರಿಕೆಯನ್ನು ಸ್ವಲ್ಪ ತಗ್ಗಿಸಿ ನಿದ್ದೆ ತರಿಸೀತು. ರೋಗದ ಬೇರನ್ನು ಮುಟ್ಟದು.

ವರ್ಷಗಟ್ಟಲೆ ಬೇರೂರಿದ ರೋಗಕ್ಕೆ ಇನ್ನೂ ಬೇರೆ ಔಷಧಗಳಿವೆ. ಅಜಾಥಯೋಪ್ರಿನ್ ಎಂಬುದು ಅವುಗಳಲ್ಲೊಂದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಚರ್ಮರೋಗ ತಜ್ಞರು ಇದನ್ನೂ ಸ್ಟೆರಾಯ್ಡ್ ಗುಳಿಗೆಯನ್ನೂ ಇದೇ ಕಳೆಯ ರೋಗಿಗಳಿಗೆ ಕೊಟ್ಟು ಹೋಲಿಸಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಣ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ರೋಗ ಮರುಕಳಿಸುವುದೂ ಅಡ್ಡ ಪರಿಣಾಮಗಳೂ ಸ್ಟೆರಾಯ್ಡಿನಲ್ಲಿ ಹೆಚ್ಚು. ಹಾಗೆಂದು ಇದೂ ಅಂಗಡಿಯಿಂದ ಕೊಂಡು ನುಂಗುವ ಗುಳಿಗೆಯಲ್ಲ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತ, ವೈದ್ಯರ ಕಣ್ಣ ಕೆಳಗೆ ತೆಗೆದುಕೊಳ್ಳಬೇಕಾದದ್ದು.

ಕೆಲವು ಗುರುತುಗಳು ಕಂಡರೆ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು. ಕಣ್ಣು ತೆರೆಯಲಾಗದಷ್ಟು ಊದಿಕೊಂಡರೆ, ಜ್ವರ ಬಂದು ಗುಳ್ಳೆಯಲ್ಲಿ ಕೀವು ಕಂಡರೆ, ಅಡಿಯಿಂದ ಮುಡಿಯವರೆಗೆ ಮೈ ಕೆಂಪಾಗಿ ಹೊಟ್ಟು ಉದುರಿ ಚಳಿ ಹತ್ತಿದರೆ, ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ಇಷ್ಟು ಹೇಳಿದರೂ ಅರ್ಧ ಮಾತ್ರ ಹೇಳಿದಂತಾಯಿತು. ಗಿಡ ಹಿತ್ತಲಿನಲ್ಲಿ ನಿಂತಿರುವವರೆಗೆ ಮುಲಾಮು ಸೋರುವ ಕೊಡಕ್ಕೆ ನೀರು ಹೊತ್ತಂತೆ. ಈ ರೋಗದ ಚಿಕಿತ್ಸೆ ನಡೆಯಬೇಕಾದದ್ದು ಅರ್ಧ ಚರ್ಮದ ಮೇಲೆ, ಅರ್ಧ ಅಂಗಳದಲ್ಲಿ.

ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು. ಮೊಳಕೆಯೊಡೆದ ಒಂದೊಂದೂವರೆ ತಿಂಗಳಿನಲ್ಲಿಯೇ ಅದು ಹೂ ಬಿಡುತ್ತದೆ. ಆದ್ದರಿಂದ ಮುಂಗಾರು ಬಿದ್ದಮೇಲೆ ಆಲಸ್ಯ ಸಲ್ಲದು. ಮಳೆ ಬಂದು ನೆಲ ಮೆತ್ತಗಾದಾಗ ಬೇರುಸಹಿತ ಬರುತ್ತದೆ, ಪುಡಿಯೂ ಏಳುವುದಿಲ್ಲ. ಮೇಲೆ ಮಾತ್ರ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೀಳುವವರು ಕೈಚೀಲ ತೊಡಲಿ, ಇಲ್ಲವೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಲಿ. ತುಂಬುತೋಳಿನ ಅಂಗಿ, ಮೂಗುಬಾಯಿಗೆ ಬಟ್ಟೆ ಇರಲಿ. ಈಗಾಗಲೇ ತುರಿಕೆಯಿರುವವನನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಅವನ ಪಾಲಿನದನ್ನು ಇತರರು ಮಾಡಬೇಕು. ಕಿತ್ತದ್ದನ್ನು ರಾಶಿ ಹಾಕಿ ಸುಡಬೇಡಿರಿ, ಹೊಗೆಯೂ ಪುಡಿಯೂ ಓಣಿಯೆಲ್ಲ ಹರಡುತ್ತವೆ. ಹೂವಿಲ್ಲದ ಗಿಡವನ್ನು ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿದರೆ ಗೊಬ್ಬರವಾಗುತ್ತದೆ. ಬೆಳೆಯಿಲ್ಲದ ಬರಡು ಜಾಗದಲ್ಲಿ ಐದು ಪಾಲು ನೀರಿಗೆ ಒಂದು ಪಾಲು ಅಡಿಗೆಯ ಉಪ್ಪು ಕರಗಿಸಿ ಸಿಂಪಡಿಸಿದರೂ ಸಾಯುತ್ತದೆ. ಹೊಲದಲ್ಲಿ ಹೀಗೆ ಮಾಡಬಾರದು, ನೆಲ ಸವುಳಾಗುತ್ತದೆ.

ನಮಗೆ ಈ ಕೆಲಸದಲ್ಲಿ ಇಬ್ಬರು ನೆರವಿನವರಿದ್ದಾರೆ. ಒಬ್ಬ ಗಿಡದ ತವರಿನಿಂದಲೇ ಕರೆಸಿದ ಹುಳು. ತಿಳಿಹಳದಿ ಬೆನ್ನಿನ ಮೇಲೆ ಕಪ್ಪು ಗೆರೆಯುಳ್ಳ ಪುಟ್ಟ ದುಂಬಿ. ಜೈಗೊಗ್ರಾಮಾ ಎಂದು ಹೆಸರು. 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಇದೂ ಇದರ ಮರಿಗಳೂ ಎಲೆಯನ್ನು ಜಾಲರಿಯಂತೆ ಮಾಡುತ್ತವೆ. ಒಮ್ಮೆ ಇದು ಸೂರ್ಯಕಾಂತಿಯ ಎಲೆ ತಿನ್ನುವುದನ್ನು ಕಂಡು ನಮ್ಮ ರೈತರು ಹೌಹಾರಿದರು. ಪಕ್ಕದ ಕಸದ ಪರಾಗ ಆ ಎಲೆಗಳ ಮೇಲೆ ಬಿದ್ದಿದ್ದುದೇ ಅದಕ್ಕೆ ಕಾರಣವೆಂದು ಬೆಂಗಳೂರಿನ ಕೀಟ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿಕೊಟ್ಟರು. ಈ ದುಂಬಿಯನ್ನು ಕಂಡಲ್ಲಿ ಕೊಲ್ಲಬೇಡಿರಿ. ಇನ್ನೊಬ್ಬ ನೆರವಿನವನು ತಗಚೆ. ಆ ಜಾತಿಯ ಗಿಡಗಳು ದಟ್ಟವಾಗಿ ಬೆಳೆದಲ್ಲಿ ಕಾಂಗ್ರೆಸ್ ಕಸಕ್ಕೆ ಎಡೆ ಸಿಗುವುದಿಲ್ಲ. ಕಸ ಕಿತ್ತ ಜಾಗದಲ್ಲಿ ಮಳೆಗೆ ಮುಂಚೆ ಇದರ ಬೀಜ ಎರಚಬಹುದು.

ರೋಗ ಬಂದವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಸೂರ್ಯಕಾಂತಿ, ಸೇವಂತಿಗೆ, ಕುಸುಬೆ, ಚೆಂಡುಹೂ ಇವೆಲ್ಲ ಇದೇ ಕಳೆಯ ಕುಲಬಾಂಧವರು. ಒಂದನ್ನು ಕಳ್ಳನೆಂದು ಗುರುತು ಹಾಕಿಕೊಂಡ ಕಾವಲುಗಾರರು ಕೆಲವರ ಮೈಯಲ್ಲಿ ಅದರ ದಾಯಾದಿಗಳನ್ನೂ ಹಿಡಿಯುತ್ತಾರೆ. ಸೂರ್ಯಕಾಂತಿಯ ಒಕ್ಕಣೆಯಲ್ಲೋ, ಸೇವಂತಿಗೆಯ ಮಾಲೆ ಕಟ್ಟುವಾಗಲೋ ತುರಿಕೆ ಏಳುವುದಾದರೆ ಅದನ್ನು ವೈದ್ಯರಿಗೆ ಹೇಳಿರಿ. ಎಲ್ಲರಿಗೂ ಹೀಗಾಗುವುದಿಲ್ಲ, ಆದ್ದರಿಂದ ಸುಮ್ಮನೆ ಹೆದರಿ ಬೆಳೆ ಬಿಡುವ ಕಾರಣವಿಲ್ಲ.

ಪೇಟೆಯಲ್ಲಿರುವ ಓದುಗರೆ, ಇದು ಹಳ್ಳಿಯ ಮಾತೆಂದು ಹಾಳೆ ಮಗುಚಬೇಡಿರಿ. ನಿಮ್ಮ ಓಣಿಯ ಖಾಲಿ ನಿವೇಶನದ ಒಡೆಯ ಬೇರೆ ಊರಿನಲ್ಲಿರಬಹುದು; ಅಲ್ಲಿಂದೇಳುವ ಧೂಳು ನಿಮ್ಮ ಕಿಟಕಿಯಿಂದಲೇ ಬರುತ್ತದೆ. ನಾಲ್ಕು ಮನೆಯವರು ಸೇರಿ ನಗರಸಭೆಗೆ ಒಂದು ಅರ್ಜಿ ಕೊಡುವುದು, ಮಳೆ ಬಿದ್ದ ಮೊದಲ ರವಿವಾರ ಒಂದೆರಡು ತಾಸು ಕಸ ಕೀಳುವುದು ದೊಡ್ಡ ಕೆಲಸವಲ್ಲ. ಹಳ್ಳಿಯಿಂದ ಬಂದ ನೆಂಟನ ಕೊರಳು, ರೆಪ್ಪೆ ಕೆಂಪಾಗಿದ್ದರೆ ವೈದ್ಯರ ಬಳಿಗೆ 'ನಡಿ ಅಣ್ಣ' ಎಂದು ಕರೆದುಕೊಂಡು ಹೋಗಿರಿ. ಊಟದ ಹೊತ್ತಿಗೆ ಅವನನ್ನು ನಿಮ್ಮ ಪಂಕ್ತಿಯಲ್ಲಿಯೇ ಕೂಡಿಸಿಕೊಳ್ಳಿರಿ. ಅವನಿಗೆ ಬಂದದ್ದು ಅಂಟುವ ರೋಗವಲ್ಲ. ಹತ್ತಿರ ಕೂಡಿಸಿಕೊಂಡರೆ ನಿಮಗೆ ಆಗುವ ನಷ್ಟವೇನೂ ಇಲ್ಲ. ದೂರ ಇಟ್ಟರೆ ಅವನಿಗೆ ಆಗುವ ನೋವಿಗೆ ಯಾವ ಮುಲಾಮೂ ಇಲ್ಲ.